ಒಂದಕ್ಷರದ ಕರೆ

ಸೊರಬದ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದನೇ ತರಗತಿಗೆ ಕಾಗುಣಿತ ಹೇಳಿಕೊಡುತ್ತಿದ್ದಾಗ ನನಗೊಂದು ಅಭ್ಯಾಸವಿತ್ತು. ಬರೀ ಉರು ಹೊಡೆಸಿದರೆ ಮಕ್ಕಳು ತೂಕಡಿಸುತ್ತಾರೆ ಎಂದು ನಡುನಡುವೆ ನಿಲ್ಲಿಸಿ, ಈ ಅಕ್ಷರ ಒಂಟಿಯಾಗಿದ್ದರೂ ಏನಾದರೂ ಹೇಳುತ್ತದೆಯೇ ಎಂದು ಕೇಳುತ್ತಿದ್ದೆ. ‘ತಾ’ ಎಂದರೆ ತರುವುದು. ‘ಕಾ’ ಎಂದರೆ ಕಾಗೆ ಕೂಗಿದ್ದು. ‘ಬಾ’ ಬಂದಾಗ ಇಡೀ ತರಗತಿ ಒಟ್ಟಿಗೆ ಕೈಬೀಸಿ ಕರೆದು ತೋರಿಸಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ತಾಂಡಾದ ಹುಡುಗಿಯೊಬ್ಬಳು ಮಾತ್ರ ಎದ್ದು ನಿಂತು, ‘ಬಾ ಅಂದ್ರೆ ಅಪ್ಪ’ ಎಂದಳು.

ಮಕ್ಕಳೆಲ್ಲ ನಕ್ಕರು. ಹುಡುಗಿಯ ಮುಖ ಸಣ್ಣದಾಯಿತು. ನನಗೆ ಮಕ್ಕಳು ಒಟ್ಟಿಗೆ ನಗುವುದನ್ನು ಕಂಡರೆ ಆಗ ತುಂಬ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ‘ನಿಮ್ಮ ಭಾಷೇಲಿ ಹಾಗಾ?’ ಎಂದು ಕೇಳಿದೆ. ಅವಳು ತಲೆ ಆಡಿಸಿದಳು. ಲಂಬಾಣಿ ಮಾತಿನಲ್ಲಿ ಅಪ್ಪನನ್ನು ‘ಬಾ’ ಎನ್ನುತ್ತಾರಂತೆ. ಹಲಗೆಯ ಮೇಲೆ ‘ಬಾ’ ಬರೆದು, ಅದರ ಮುಂದೆ ‘ಅಪ್ಪ’ ಎಂದೂ ಬರೆದೆ. ನಕ್ಕವರಿಗೆಲ್ಲ ಅದನ್ನು ಪಾಟಿಯ ಮೇಲೆ ಹತ್ತು ಸಲ ಬರೆಸಿದೆ.

ಸಂಜೆ ಮನೆಗೆ ಬಂದು ಇದನ್ನು ತಂಗಿಗೆ ಹೇಳಿದೆ. ಅವಳು ಆಗ ನನ್ನ ಹತ್ತಿರವೇ ಇದ್ದಳು. ನನಗಿಂತ ಎಂಟು ವರ್ಷ ಚಿಕ್ಕವಳು. ಅಪ್ಪ ತೀರಿಕೊಂಡ ಮೇಲೆ ಶಿಕಾರಿಪುರದ ಮನೆಯಲ್ಲಿ ಅಣ್ಣ, ಹೆಣ್ಣುಹುಡುಗಿ ಓದಿದ್ದು ಸಾಕು, ಸಗಣಿ ಬಾಚಲು ಮಿಡ್ಲ್ ಸ್ಕೂಲ್ ಬೇಕಾಗಿಲ್ಲ ಎಂದಿದ್ದ. ನಾನು ಜಗಳ ಆಡಿ ಅವಳನ್ನು ಸೊರಬಕ್ಕೆ ಕರೆದುಕೊಂಡು ಬಂದೆ. ಒಂದು ಕೋಣೆ, ಒಂದು ಅಡಿಗೆ ಮೂಲೆ, ಹಿತ್ತಲಲ್ಲಿ ಬಾವಿ. ನಮ್ಮಿಬ್ಬರಿಗೆ ಅದು ಧಾರಾಳವಾಗಿತ್ತು.

‘ಒಂದು ಮಾತಿಗೆ ಎರಡು ಅರ್ಥ ಆದ್ರ ಮೂರೂ ಇರಬೇಕಲ್ಲ’ ಎಂದಳು ತಂಗಿ. ಹುಡುಕತೊಡಗಿದಳು. ಬಳೆ ತೊಡಿಸಲು ಬರುತ್ತಿದ್ದ ಸಾಹೇಬರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದಳು. ಅವರು ಗಡ್ಡ ನೀವಿಕೊಂಡು, ಅದು ಪಾರ್ಸಿ ಮಾತು, ‘ಬಾ’ ಎಂದರೆ ಜೊತೆಗೆ, ‘ಬಾಅದಬ್’ ಎಂದರೆ ಮರ್ಯಾದೆಯ ಜೊತೆಗೆ ಎಂದರು. ಕುಪ್ಪಸದ ಬಟ್ಟೆಗೆಂದು ಶಿರಾಳಕೊಪ್ಪಕ್ಕೆ ಹೋದಾಗ ಅಂಗಡಿಯ ಗುಜರಾತಿ ಶೇಠರು ಒಳಗಿದ್ದ ಮುದುಕಿಯನ್ನು ‘ಬಾ, ಬಾ’ ಎಂದು ಕೂಗಿದರು. ಆ ಮುದುಕಿ ಬರಲೂ ಇಲ್ಲ, ಬರಬೇಕಾಗಿಯೂ ಇರಲಿಲ್ಲ. ಅವರಲ್ಲಿ ‘ಬಾ’ ಎಂದರೆ ತಾಯಿ. ತಂಗಿ ಅಂಗಡಿಯಲ್ಲೇ ನನ್ನ ತೋಳು ಚಿವುಟಿದಳು. ರಾಜ್ಯ ಒಂದಾದ ಮೇಲೆ ಬೆಳಗಾವಿ ಕಡೆಯಿಂದ ಬಂದಿದ್ದ ಶಾಲಾ ಇನ್‌ಸ್ಪೆಕ್ಟರು, ತಮ್ಮ ಹಳ್ಳಿ ಮರಾಠಿಯಲ್ಲಿ ಅಪ್ಪನಿಗೆ ಹಾಗೆ ಅನ್ನುತ್ತಾರೆ ಎಂದರು. ಲಂಬಾಣಿಯ ಅಪ್ಪನೂ ಮರಾಠಿಯ ಅಪ್ಪನೂ ಲೆಕ್ಕಕ್ಕೆ ಒಬ್ಬರೋ ಇಬ್ಬರೋ ಎಂದು ನಾವಿಬ್ಬರೂ ಊಟ ಮುಗಿಯುವ ತನಕ ವಾದ ಮಾಡಿದೆವು.

ಆಮೇಲೆ ಎಷ್ಟೋ ವರ್ಷಕ್ಕೆ, ಬಂಗಾಳಿಯಲ್ಲಿ ಅದು ‘ಅಥವಾ’ ಎಂದೂ ಚೀನಾದಲ್ಲಿ ‘ಎಂಟು’ ಎಂದೂ ವಿಯೆಟ್ನಾಮಿನಲ್ಲಿ ‘ಮೂರು’ ಎಂದೂ ಓದಿ ತಿಳಿದೆ. ಅಷ್ಟು ಹೊತ್ತಿಗೆ ಹೇಳಲು ತಂಗಿ ಇರಲಿಲ್ಲ. ಬದುಕಿದ್ದಳು, ಚೆನ್ನಾಗಿಯೇ ಇದ್ದಳು. ನನ್ನ ಪಾಲಿಗೆ ಇರಲಿಲ್ಲ.

ನನ್ನ ವಿಚಾರ ಹೇಳಿಬಿಡುತ್ತೇನೆ, ಆಮೇಲೆ ಗೊಂದಲ ಬೇಡ. ಹದಿನೈದಕ್ಕೆ ನನಗೆ ಮದುವೆಯಾಯಿತು. ಹದಿನಾರು ತುಂಬುವ ಮೊದಲೇ ಗಂಡ ಜ್ವರದಲ್ಲಿ ಹೋದ. ಅವನ ಮುಖ ನನಗೆ ಸರಿಯಾಗಿ ನೆನಪಿಲ್ಲ. ಹಾಗೆಂದರೆ ಜನ ಅಪಾರ್ಥ ಮಾಡಿಕೊಳ್ಳುತ್ತಾರೆ, ಆದರೆ ನಿಜ ಅದೇ. ಅತ್ತೆಮನೆಯವರು ಕೈ ತೊಳೆದುಕೊಂಡರು. ಆಗಿನ್ನೂ ಅಪ್ಪ ಬದುಕಿದ್ದರಿಂದ ನನ್ನನ್ನು ಓದಿಸಿ, ಟೀಚರ್ ಟ್ರೈನಿಂಗಿಗೆ ಕಳಿಸಿದರು. ಹಣೆಗೆ ವಿಭೂತಿ, ಬರಿಗೈ, ಬಿಳಿ ಸೀರೆ. ಆ ವೇಷದಲ್ಲಿ ಹೆಣ್ಣು ಟೀಚರಾಗಿದ್ದರೆ ಜನಕ್ಕೂ ಒಪ್ಪಿಗೆ. ಸೊರಬದಲ್ಲಿ ಎಲ್ಲರೂ ನನ್ನನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು.

ತಂಗಿಗೆ ಕತ್ತಲೆಂದರೆ ಪುಕ್ಕಲು. ಕತ್ತಲಾದ ಮೇಲೆ ಹಿತ್ತಲಿಗೆ ಹೋಗಬೇಕಾದರೆ ‘ಅಕ್ಕಾ ಬಾ’ ಎನ್ನುವಳು. ಬಾವಿಯ ಹತ್ತಿರ ಕಪ್ಪೆ ಕೂಗಿದರೆ ‘ಅಕ್ಕಾ ಬಾ’. ಲೆಕ್ಕ ಬಿಡಿಸಲು ಬಾರದಿದ್ದರೆ ‘ಅಕ್ಕಾ ಬಾ’. ನಾನು ಎಷ್ಟು ಸಲ ‘ನಾನೇನು ನಿನ್ನ ಆಳಾ’ ಎಂದು ಗೊಣಗಿಕೊಂಡು ಎದ್ದಿದ್ದೇನೋ. ಗೊಣಗಿದ್ದು ಬಾಯಿಮಾತಿಗೆ. ಜಗತ್ತಿನಲ್ಲಿ ಒಂದು ಜೀವಕ್ಕಾದರೂ ನಾನು ಬೇಕು ಎನ್ನುವುದು ನನಗೆ ದೊಡ್ಡ ಸಂಗತಿಯಾಗಿತ್ತು.

ಅವಳ ಓದು ಮುಗಿದು ಶಿಕಾರಿಪುರಕ್ಕೆ ವಾಪಸು ಹೋದ ಮೇಲೆ ಸಂಬಂಧ ಹುಡುಕಿದವಳು ನಾನೇ. ಉಳವಿಯ ಕಡೆಯ ಒಂದು ಮನೆ. ಹುಡುಗನ ಸೋದರ ಸೊಸೆ ನನ್ನ ಶಾಲೆಯಲ್ಲಿ ಓದುತ್ತಿದ್ದಳು. ಅವಳನ್ನು ಬಿಡಲು ಬರುತ್ತಿದ್ದ ಹುಡುಗನ ತಾಯಿಯ ಜೊತೆ ನನಗೆ ಮಾತು ಬೆಳೆದಿತ್ತು. ಆಕೆ ನೇರ ಮನಸ್ಸಿನವರು. ‘ಅಕ್ಕೋರೇ, ನಿಮ್ಮ ತಂಗಿ ನಿಮ್ ಥರನೇ ಇದ್ರೆ ನಮಗೆ ಬೇರೆ ಎಂತದೂ ಬ್ಯಾಡ’ ಎಂದಿದ್ದರು. ನಾನು ನಕ್ಕು, ನನ್ನ ಥರ ಇಲ್ಲ, ನನಗಿಂತ ಒಳ್ಳೆಯವಳು ಎಂದೆ. ಮಾತುಕತೆ ಆಯಿತು, ವೀಳ್ಯಶಾಸ್ತ್ರ ಆಯಿತು, ಮಾಘದಲ್ಲಿ ಮುಹೂರ್ತ ಇಟ್ಟರು.

ಇನ್ನು ನಮ್ಮ ಕಡೆ ಕರೆಯುವ ಪದ್ಧತಿಯನ್ನು ಹೇಳಬೇಕು. ಮದುವೆಗೆ ಕರೆಯುವುದು ಸಣ್ಣ ಕೆಲಸವಲ್ಲ. ಮುತ್ತೈದೆಯನ್ನು ಕುಂಕುಮ ಹಚ್ಚಿ ಕರೆಯಬೇಕು. ಗಂಡಸಿನ ಕೈಗೆ ಅಕ್ಷತೆ ಕೊಡಬೇಕು. ಆಗಷ್ಟೇ ಶುರುವಾಗಿದ್ದ ಅಚ್ಚಿನ ಕಾರ್ಡನ್ನೂ ಕೊಡಬೇಕು, ಆದರೆ ಕಾರ್ಡು ಕೊಟ್ಟು ಅಕ್ಷತೆ ಮರೆತರೆ ಆ ಮನೆಯವರು ಬರುವುದಿಲ್ಲ. ನನ್ನಂಥವರಿಗೆ ಕುಂಕುಮವಿಲ್ಲ. ಕರೆಯಲು ಬಂದವರು ನಮ್ಮ ಹಣೆಯನ್ನು ಬಿಟ್ಟು ಗೋಡೆಯನ್ನೋ ಬೆಕ್ಕನ್ನೋ ನೋಡುತ್ತ, ‘ನೀನೂ ಬಾ’ ಎಂದು ಬಾಯಲ್ಲಿ ಹೇಳುತ್ತಾರೆ. ಬೇರೆಯವರ ಕರೆಯಲ್ಲಿ ಬಟ್ಟಲು, ಬಣ್ಣ, ವೀಳ್ಯ ಎಲ್ಲ ಇರುತ್ತದೆ. ನಮಗೆ ಆ ಒಂದಕ್ಷರವೇ ಪೂರ್ತಿ ಕರೆ.

ಇದರ ಜೊತೆಗೆ ಇನ್ನೊಂದು ಇದೆ. ಮನೆಯವರನ್ನು ಯಾರೂ ಕರೆಯುವುದಿಲ್ಲ. ಕರೆದರೆ ತಪ್ಪು. ಅಣ್ಣನ ಮದುವೆಯಲ್ಲಿ ಯಾರೋ ತಿಳಿಯದೆ ನಮ್ಮ ಚಿಕ್ಕಮ್ಮನ ಹಣೆಗೆ ಕುಂಕುಮ ಹಚ್ಚಿ ‘ಮದುವಿಗೆ ಬರ್ರಿ’ ಎಂದಿದ್ದರು. ಚಿಕ್ಕಮ್ಮ ಆವತ್ತು ಅನ್ನ ಮುಟ್ಟಲಿಲ್ಲ. ‘ನನ್ನನ್ನ ಹೊರಗಿನಾಕಿ ಮಾಡಿದ್ರಿ’ ಎಂದು ವರ್ಷಾನುಗಟ್ಟಲೆ ಹೇಳಿಕೊಂಡು ತಿರುಗಿದಳು. ಕರೆಯದೇ ಇದ್ದರೆ ಒಂದೋ ನೀವು ತೀರಾ ಒಳಗಿನವರು, ಇಲ್ಲವೇ ನೀವು ಬರುವುದೇ ಬೇಡ. ಎರಡಕ್ಕೂ ನಮ್ಮಲ್ಲಿ ಒಂದೇ ನಡವಳಿಕೆ. ಯಾವುದು ಎಂದು ಕರೆಸಿಕೊಳ್ಳದವರೇ ತಿಳಿದುಕೊಳ್ಳಬೇಕು.

ಮದುವೆಗೆ ಎರಡು ವಾರ ಇರುವಾಗ ಅಣ್ಣ ಅತ್ತಿಗೆ ಸೊರಬಕ್ಕೆ ಬಂದರು. ನನ್ನ ಕೋಣೆಯ ಒಡತಿಯ ಹಣೆಗೆ ಅತ್ತಿಗೆ ಕುಂಕುಮ ಹಚ್ಚಿದಳು. ಬೀದಿಯಲ್ಲಿ ನಮಗೆ ಬೇಕಾದವರನ್ನೆಲ್ಲ ಕರೆದರು. ಹೆಡ್‌ಮಿಸ್ಟ್ರೆಸ್ ಮನೆಗೂ ಹೋದರು, ದಾರಿ ತೋರಿಸಿದವಳು ನಾನು. ಕೊನೆಗೆ ನನ್ನ ಕೋಣೆಗೆ ಬಂದು ಕಾಫಿ ಕುಡಿದರು. ಹಂದರಕ್ಕೆ ಅಡಿಕೆ ದಬ್ಬೆ ಎಲ್ಲಿಂದ ತರಿಸಿದ್ದು, ಅಡಿಗೆಯವರು ಎಷ್ಟು ಸತಾಯಿಸುತ್ತಿದ್ದಾರೆ, ಎಲ್ಲ ಹೇಳಿದರು. ನಾನು ಮಳೆಗಾಲವೆಲ್ಲ ಕೂತು ತಂಗಿಗೆಂದು ಕಸೂತಿ ಹಾಕಿದ್ದ ಹಸಿರು ಕುಪ್ಪಸವನ್ನು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ಅತ್ತಿಗೆಯ ಕೈಗೆ ಕೊಟ್ಟೆ. ಅವಳು ಚೀಲದಲ್ಲಿ ಇಟ್ಟುಕೊಂಡಳು. ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಬಾಗಿಲವರೆಗೆ ಹೋದೆ. ಅಣ್ಣ ಚಪ್ಪಲಿ ಮೆಟ್ಟಿದ. ಅತ್ತಿಗೆ ಸೆರಗು ಸರಿಮಾಡಿಕೊಂಡಳು. ನಾನು ಕಾಯುತ್ತಿದ್ದೆ ಎಂದು ಆಗ ನನಗೇ ಗೊತ್ತಿರಲಿಲ್ಲ. ಅವರು ಬೀದಿಯ ತಿರುವು ದಾಟಿದ ಮೇಲೆ ಗೊತ್ತಾಯಿತು.

ಒಡತಿ ಹಣೆಯ ಮೇಲಿನ ಕುಂಕುಮ ಒರೆಸದೆ ಓಡಾಡುತ್ತಿದ್ದಳು. ‘ನಿಮ್ಮನ್ನ ಕರದ್ರಾ ಅಕ್ಕೋರೇ?’ ಎಂದು ಕೇಳಿದಳು. ಅವಳು ಕೆಟ್ಟವಳಲ್ಲ, ಕೇಳಬಾರದ್ದನ್ನು ಕೇಳುವ ಗುಣ ಮಾತ್ರ ಇತ್ತು.

‘ಮನೆಯವ್ರನ್ನ ಯಾರಾದ್ರೂ ಕರೀತಾರಾ?’ ಎಂದೆ.

‘ಅದೂ ಹೌದನ್ನಿ’ ಎಂದು ಒಪ್ಪಿದಳು. ಆ ಮಾತನ್ನು ಅವಳಿಗೆ ಹೇಳಿದೆನೋ ನನಗೆ ಹೇಳಿಕೊಂಡೆನೋ. ಅಂತೂ ಹೇಳಿದ ಮೇಲೆ ನಂಬಿದೆ. ನಂಬಬೇಕೆಂದು ಕೂತವಳಿಗೆ ಆಧಾರ ಎಷ್ಟು ಬೇಕು. ನನ್ನ ತಂಗಿಯ ಮದುವೆಗೆ ನಾನು ಹೊರಗಿನವಳಾಗಲು ಹೇಗೆ ಸಾಧ್ಯ ಎಂದುಕೊಂಡೆ. ಕರೆದಿದ್ದರೇ ನಾನು ಚಿಕ್ಕಮ್ಮನ ಹಾಗೆ ಸಿಟ್ಟಾಗಬೇಕಿತ್ತು ಎಂದು ನಗಲೂ ನಕ್ಕೆ.

ಹೆಡ್‌ಮಿಸ್ಟ್ರೆಸ್, ‘ಸ್ವಂತ ತಂಗಿ ಮದ್ವೆ, ರಜಾ ಕೇಳ್ಬೇಕೇನ್ರೀ’ ಎಂದರು. ಮದುವೆಯ ಹಿಂದಿನ ದಿನ ಬೆಳಗಿನ ಬಸ್ಸು ಹಿಡಿದೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಒಂದು ದಂಡೆ ಸೇವಂತಿಗೆ ಕೊಂಡೆ. ಹೂ ಮಾರುವವಳು ನನ್ನ ಹಣೆ ನೋಡಿ, ‘ದೇವ್ರಿಗೇನ್ರೀ?’ ಎಂದಳು. ‘ಮದುಮಗಳಿಗೆ’ ಎಂದೆ. ಒದ್ದೆ ಎಲೆಯಲ್ಲಿ ಕಟ್ಟಿಕೊಟ್ಟಳು. ಶಿಕಾರಿಪುರ ಬರುವವರೆಗೆ ಅದನ್ನು ಬಿಸಿಲು ತಾಗದಂತೆ ಮಡಿಲಲ್ಲಿ ಇಟ್ಟುಕೊಂಡಿದ್ದೆ.

ಹಂದರದ ಕೆಳಗೆ ಅಣ್ಣ ಯಾರಿಗೋ ಹಗ್ಗ ಎಳೆಯಲು ಹೇಳುತ್ತಿದ್ದ. ನನ್ನನ್ನು ಕಂಡು ‘ಬಂದ್ಯಾ’ ಎಂದ. ಅದು ಕೇಳಿದ್ದೂ ಅಲ್ಲ, ಹೇಳಿದ್ದೂ ಅಲ್ಲ. ಮತ್ತೆ ಹಗ್ಗದ ಕಡೆ ತಿರುಗಿದ. ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದು ನನ್ನ ಮೊಣಕೈ ಹಿಡಿದು ಮನೆಯ ಪಕ್ಕದ ಸಂದಿಯಲ್ಲಿ ಕರೆದುಕೊಂಡು ಹೋಗಿ ಹಿತ್ತಲ ಬಾಗಿಲಿಂದ ಉಗ್ರಾಣಕ್ಕೆ ಸೇರಿಸಿದಳು. ನನಗೆ ಅದರಿಂದ ಬೇಸರವಾಗಲಿಲ್ಲ. ನನ್ನ ಜಾಗ ನನಗೆ ಗೊತ್ತಿತ್ತು. ಧಾರೆಯ ಹೊತ್ತಿಗೆ ಎದುರು ನಿಲ್ಲಬೇಕೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ. ಉಗ್ರಾಣದಲ್ಲಿ ಕೂತು ಅಕ್ಕಿ ಆರಿಸಿಕೊಂಡು, ನಡುವೆ ಒಂದು ಸಲ ತಂಗಿ ಒಳಗೆ ಬಂದು ‘ಅಕ್ಕಾ’ ಎಂದರೆ ಸಾಕಿತ್ತು. ನಾನು ಬಂದಿದ್ದು ಅಷ್ಟಕ್ಕೇ.

‘ಅಕಿ ಎಲ್ಲಿ?’ ಎಂದೆ.

‘ಅರಿಶಿಣ ಹಚ್ಚಾಕತ್ತಾರ. ಆಮ್ಯಾಲೆ’ ಎಂದು ಅವ್ವ ಹೋದಳು. ಸೇವಂತಿಗೆಯನ್ನು ಅವಳ ಕೈಗೇ ಕೊಟ್ಟು ಕಳಿಸಿದೆ.

ಮೊರದ ತುಂಬ ಅಕ್ಕಿ ಆರಿಸಿದೆ. ತೆಂಗಿನಕಾಯಿ ಸುಲಿದೆ. ಸಂಜೆ ಬೆಲ್ಲದ ಪೆಂಟೆ ಇಳಿಸಿಕೊಡಲು ಅಡಿಗೆಯವರು ಕೇಳಿದರು. ಕಪಾಟಿನ ಮೇಲಿನ ಹಲಗೆಗೆ ಕೈ ಹಾಕಿದಾಗ ಬೆಲ್ಲದ ಹಿಂದೆ ನನ್ನ ಕಾಗದದ ಗಂಟು ಸಿಕ್ಕಿತು. ದಾರ ನಾನು ಕಟ್ಟಿದ ಹಾಗೆಯೇ ಇತ್ತು. ಬಿಚ್ಚಿ ನೋಡಿಯೂ ಇರಲಿಲ್ಲ. ಅತ್ತಿಗೆ ಗಡಿಬಿಡಿಯಲ್ಲಿ ಮರೆತಿರಬೇಕು ಎಂದುಕೊಂಡೆ. ಅತ್ತಿಗೆಯ ಮೇಲೆ ಹಾಕುವುದು ಸುಲಭ. ಯಾವ ಮನೆಯಲ್ಲಾದರೂ ತಪ್ಪು ಹೊರುವುದಕ್ಕೆ ಒಬ್ಬಳು ಅತ್ತಿಗೆ ಇದ್ದೇ ಇರುತ್ತಾಳೆ.

ದೀಪ ಹಚ್ಚುವ ಹೊತ್ತಿಗೆ ಗಂಡಿನ ಕಡೆಯವರ ಬಸ್ಸು ಬಂತು. ವಾಲಗದವರು ಊದಿದರು. ಉಗ್ರಾಣದ ಗೋಡೆಯ ಆಚೆ ನಡುಮನೆ. ಕಾಲು ತೊಳೆಯಲು ನೀರು ಕೊಟ್ಟದ್ದು, ಚಾಪೆ ಹಾಸಿದ್ದು, ಪಾನಕ ಕೊಟ್ಟದ್ದು ಎಲ್ಲ ಕೇಳಿಸುತ್ತಿತ್ತು. ಹುಡುಗನ ತಾಯಿಯ ದನಿ ನನಗೆ ಕೂಡಲೇ ಗುರುತು ಸಿಕ್ಕಿತು.

‘ಅಕ್ಕೋರು ಎಲ್ಲಿ? ಕಾಣ್ಸದೇ ಇಲ್ಲ. ಸಂಬಂಧ ಕೂಡಿಸಿದವ್ರೇ ಇಲ್ಲ ಅಂದ್ರೆ ಹೆಂಗೆ?’ ಎಂದು ಅವರು ಕೇಳಿದರು.

ನಾನು ಸೆರಗಿಗೆ ಕೈ ಒರೆಸಿಕೊಂಡು ಎದ್ದೆ. ಈಗ ಯಾರಾದರೂ ಕರೆಯುತ್ತಾರೆ ಎಂದು ಎದ್ದದ್ದು.

‘ಆಕಿಗೆ ಜ್ವರಾರೀ. ಎದ್ದು ಕುಂದ್ರಾಕೂ ಆಗವಲ್ದು. ಸೊರಬದಾಗೇ ಉಳದಾಳ’ ಎಂದ ಅಣ್ಣ.

‘ಅಯ್ಯೋ ಪಾಪ. ಇಂಥ ಹೊತ್ನಲ್ಲಿ’ ಎಂದರು ಆಕೆ. ಆಮೇಲೆ ಮಾತು ಪಾನಕದ ಕಡೆ ಹೋಯಿತು.

ಗೋಡೆಯ ಈಚೆ ನಾನು ನಿಂತೇ ಇದ್ದೆ. ಜ್ವರ ಇರಲಿಲ್ಲ, ಆದರೆ ಮೈ ಬಿಸಿಯಾಯಿತು. ಇಷ್ಟು ವರ್ಷ ವಿಧವೆ ಎಂದು ನನ್ನನ್ನು ಪಕ್ಕಕ್ಕೆ ಸರಿಸಿದ್ದಾರೆ, ಎದುರು ಬಂದರೆ ಹಾದಿ ಬಿಟ್ಟು ನಿಂತಿದ್ದಾರೆ. ಅದೆಲ್ಲ ನನಗೆ ಅಭ್ಯಾಸವಾಗಿತ್ತು. ನಾನು ಇದ್ದಾಗಲೇ ಇಲ್ಲ ಎಂದು ಹೇಳಿದ್ದು ಅದೇ ಮೊದಲು. ಉಗ್ರಾಣದಿಂದ ಎರಡು ಹೆಜ್ಜೆ ಹೊರಗೆ ಹಾಕಿದ್ದರೆ ಅಣ್ಣನ ಮಾನ ಅಲ್ಲೇ ಹೋಗುತ್ತಿತ್ತು. ಹಾಕಲಿಲ್ಲ. ತಂಗಿಯ ಮದುವೆ ಕೆಡಬಾರದು ಎಂದು ಹಾಕಲಿಲ್ಲ. ಆಗಲೂ ನನಗೆ ಅವಳದೇ ಯೋಚನೆ.

ಊಟದ ಗದ್ದಲ ಮುಗಿದ ಮೇಲೆ ಅವ್ವ ನನಗೆ ತಾಟು ತಂದಳು. ನಾನು ತಾಟು ಪಕ್ಕಕ್ಕಿಟ್ಟು ಕೇಳಿದೆ. ‘ಅತ್ತಿಗಿ ಹೇಳಿಕೊಟ್ಟಿದ್ದಾ ಇದು?’

ಅವ್ವ ಬಾಗಿಲ ಕಡೆ ನೋಡಿದಳು. ‘ಅತ್ತಿಗೀನ ಅನಬ್ಯಾಡ. ಪಾಪ, ಅಕಿ ನಿನ್ನ ಕರೀಬೇಕು ಅಂತನ ಹೊಂಟಿದ್ಲು.’

‘ಮತ್ತ ಅಣ್ಣ?’

‘ಅವನೂ ಅಲ್ಲ.’ ಅವ್ವ ತಾಟನ್ನು ಮತ್ತೆ ನನ್ನ ಕಡೆ ಸರಿಸಿ, ‘ನಿನ್ನ ತಂಗೀನೇ ಹೇಳಿದ್ದು, ಅಕ್ಕನ್ನ ಕರೀಬ್ಯಾಡ್ರಿ ಅಂತ. ನಾನೂ ಬೈದೆ. ಕೇಳ್ಲಿಲ್ಲ. ನೀ ತಿಳಕೊಂಡು ಅಲ್ಲೇ ಇರ್ತಿ ಅಂತ ಮಾಡಿದ್ವಿ’ ಎಂದಳು.

ನಾನು ಅವ್ವನ ಮಾತು ನಂಬಲಿಲ್ಲ. ಸೊಸೆಯನ್ನು ಕಾಯಲು ಮಗಳ ಮೇಲೆ ಹಾಕುತ್ತಿದ್ದಾಳೆ ಎಂದು ಎಣಿಸಿದೆ. ಆ ಉಗ್ರಾಣದಲ್ಲಿ ಅಕ್ಕಿ ಚೀಲಕ್ಕೆ ಒರಗಿ ಮಲಗಿದಾಗಲೂ, ಬೆಳಿಗ್ಗೆ ಅವಳು ಬಂದೇ ಬರುತ್ತಾಳೆ, ಬಂದು ‘ಇವರೆಲ್ಲ ಹಿಂಗ ಮಾಡ್ಯಾರಕ್ಕಾ’ ಎಂದು ಅಳುತ್ತಾಳೆ, ಆಗ ನಾನೇ ಸಮಾಧಾನ ಹೇಳಬೇಕಾಗುತ್ತದೆ ಎಂದು ಮಾತು ಕೂಡ ಜೋಡಿಸಿಟ್ಟುಕೊಂಡಿದ್ದೆ.

ಬೆಳಿಗ್ಗೆ ಅವಳು ನಿಜಕ್ಕೂ ಬಂದಳು. ಮಂಗಳಸ್ನಾನಕ್ಕೆ ಮೊದಲು ಹಿತ್ತಲ ಕಡೆ ಬರಬೇಕಲ್ಲ, ಹಾಗೆ ಬಂದಳು. ಜೊತೆಗೆ ಬಂದವಳು ಬಿಸಿನೀರು ನೋಡಲು ಬಚ್ಚಲಿಗೆ ಹೋದಳು. ಮುಖ, ಕತ್ತು, ಕೈ ಎಲ್ಲ ಅರಿಶಿಣ. ಬಳೆ ತುಂಬಿದ ಕೈ. ನನ್ನ ತಂಗಿ ಅಷ್ಟು ಚೆಂದ ಕಾಣುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಉಗ್ರಾಣದ ಬಾಗಿಲಲ್ಲಿ ನಿಂತಿದ್ದೆ. ಅವಳು ನನ್ನನ್ನು ಕಂಡು ಗಕ್ಕನೆ ನಿಂತಳು. ನಡುವೆ ಬಾವಿಕಟ್ಟೆಯಷ್ಟೇ ಇದ್ದದ್ದು. ಅವಳು ಬರುತ್ತಾಳೆ ಎಂದು ನಾನು, ನಾನು ಅಲ್ಲೇ ನಿಲ್ಲಲಿ ಎಂದು ಅವಳು.

‘ಯಾಕ ಬಂದಿ ಅಕ್ಕಾ?’ ಎಂದಳು.

ಜೋಡಿಸಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ. ‘ನೀನ ಬ್ಯಾಡ ಅಂದ್ಯಂತ?’ ಎಂದೆ. ಅಲ್ಲ ಎನ್ನಲಿ ಎಂದು ಕೇಳಿದ್ದು.

ಅವಳು ಅಲ್ಲ ಎನ್ನಲಿಲ್ಲ. ಸುಳ್ಳು ಹೇಳುವುದನ್ನು ನಾನು ಅವಳಿಗೆ ಕಲಿಸಿರಲಿಲ್ಲ. ಆ ಹೊತ್ತಿನಲ್ಲಿ ಒಂದು ಸುಳ್ಳು ಹೇಳಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

‘ನಂಗ ಹೆದ್ರಿಕಿ ಆಕ್ಕತಿ ಅಕ್ಕಾ’ ಎಂದಳು. ‘ಎಲ್ರೂ ಅಂತಾರ, ಅವ್ವನಂಗ ತುಂಬಿದ ಸಂಸಾರ ಮಾಡಿದಾಕಿ ಅಲ್ಲ, ವರ್ಷ ತುಂಬೋದ್ರಾಗ ಗಂಡನ್ನ ಕಳಕೊಂಡಾಕಿ, ಇಷ್ಟ ವರ್ಷ ಅಕ್ಕನ ಕೂಡ ಒಂದ ಹಾಸಿಗ್ಯಾಗ ಮಲಗ್ಯಾಳ, ಒಂದ ತಾಟಿನಾಗ ಉಂಡಾಳ, ಇಕಿ ಹಣೇಬರ ಹೆಂಗೈತೋ ಅಂತ. ನಾ ಮೊದ್ಲು ನಗ್ತಿದ್ದೆ. ಈಗ ಆಗವಲ್ದು. ತಾಳಿ ಕಟ್ಟೋ ಮುಂದ ನೀ ಇದೇ ಮನ್ಯಾಗ ಇದ್ದಿ ಅಂತ ಗೊತ್ತಾದ್ರ ನಂಗ ಅದ ತಲ್ಯಾಗ ಇರ್ತೈತಿ. ನೀ ಹೊಳ್ಳಿ ಹೋಗ್ತೀಯಾ?’

ಅವಳು ಅಳುತ್ತಿದ್ದಳು. ಅರಿಶಿಣದ ಮೇಲೆ ಕಣ್ಣೀರಿನ ಗೆರೆ ಇಳಿಯುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಕೆನ್ನೆಗೆ ಎರಡು ಬಿಡುತ್ತಿದ್ದೆ. ಗ್ರಹಣ ಯಾಕೆ ಹಿಡಿಯುತ್ತದೆ ಎಂದು ನಿಂಬೆಹಣ್ಣು, ದೀಪ ಇಟ್ಟುಕೊಂಡು ತೋರಿಸಿಕೊಟ್ಟಿದ್ದೆ ಈ ಹುಡುಗಿಗೆ. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೆ ಕೆಲಸವಿದೆ ಅಂತ ಅರ್ಥ ಎಂದು ಹೇಳಿಕೊಟ್ಟಿದ್ದೆ. ಅವಳು ಎಲ್ಲ ಒಪ್ಪಿದ್ದಳು, ನಕ್ಕಿದ್ದಳು, ಬೇರೆಯವರಿಗೆ ಹೇಳಿಯೂ ಇದ್ದಳು. ತನ್ನ ಕೊರಳಿನ ಸರದಿ ಬಂದಾಗ ಅಷ್ಟೂ ಪಾಠವನ್ನು ಕೊಡವಿಕೊಂಡು, ನನ್ನನ್ನೇ ಅಡ್ಡ ಬಂದ ಬೆಕ್ಕು ಮಾಡಿದಳು. ಹತ್ತಿದ ಏಣಿ ಒದೆಯುವವರನ್ನು ನೋಡಿದ್ದೆ. ಏಣಿಗೆ ಅದು ಹೇಗಿರುತ್ತದೆ ಎಂದು ಆವತ್ತು ಗೊತ್ತಾಯಿತು.

ಊರು ಹೀಗೆ ಮಾಡಿದ್ದರೆ ಊರಿನ ಮೇಲೆ ಜಗಳ ಆಡಬಹುದಿತ್ತು. ಗಂಡಿನ ಕಡೆಯವರು ಮಾಡಿದ್ದರೆ ತಂಗಿಯ ಹತ್ತಿರ ಹೇಳಿಕೊಂಡು ಅಳಬಹುದಿತ್ತು. ಈಗ ಯಾರ ಹತ್ತಿರ ಹೋಗುವುದು. ಅವಳು ಹೆದರಿದ್ದು ನಿಜ ಇರಬಹುದು. ಅದು ಚಿಕ್ಕ ವಯಸ್ಸು ಎಂದು ಜನ ನನಗೆ ಆಮೇಲೆ ಬುದ್ಧಿ ಹೇಳಿದ್ದಾರೆ. ಹೆದರಿಕೆಯಾದಾಗಲೆಲ್ಲ ಅವಳು ಕರೆಯುತ್ತಿದ್ದದ್ದು ನನ್ನನ್ನು. ಈಗ ಅವಳ ಹೆದರಿಕೆಯೇ ನಾನಾಗಿದ್ದೆ. ಅದನ್ನು ಚಿಕ್ಕ ವಯಸ್ಸು ಎಂದು ನುಂಗಿಕೊಳ್ಳಲು ನನಗೆ ಆಗಲಿಲ್ಲ, ಆಗುವುದೂ ಇಲ್ಲ.

‘ಹೋಗ್ತೀನಿ, ನೀ ಸ್ನಾನ ಮಾಡು, ನೀರು ಆರತೈತಿ’ ಎಂದೆ.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಬಚ್ಚಲಿಗೆ ಹೋದಳು. ಹೋಗುವಾಗ ಅವಳ ಭುಜ ಇಳಿದದ್ದು ನನಗೆ ಕಾಣಿಸಿತು. ಹೊರೆ ಇಳಿಸಿದವರ ಭುಜ ಹಾಗೆ ಇಳಿಯುತ್ತದೆ.

ಒಳಗೆ ಬಂದು ಆರಿಸಿದ್ದ ಅಕ್ಕಿಯನ್ನು ಡಬ್ಬಿಗೆ ಸುರಿದೆ. ನನ್ನ ಚೀಲ ತೆಗೆದುಕೊಂಡೆ. ಕುಪ್ಪಸದ ಗಂಟನ್ನು ಅಲ್ಲೇ ಬಿಟ್ಟೆ. ಹಿತ್ತಲ ಗೇಟಿನಿಂದ ಕೇರಿಗೆ ಇಳಿದರೆ ಬಸ್ ಸ್ಟ್ಯಾಂಡಿಗೆ ಹಂದರದ ಮುಂದೆ ಹಾಯದೆ ಹೋಗಬಹುದು. ಅವ್ವ ಹಿಂದೆಯೇ ಬಂದಳು. ಒಂದು ಎಲೆಯಲ್ಲಿ ಹೋಳಿಗೆ ಸುತ್ತಿ ತಂದಿದ್ದಳು. ಅವಳೂ ಅಳುತ್ತಿದ್ದಳೋ, ಒಲೆಯ ಹೊಗೆಗೆ ಕಣ್ಣು ಕೆಂಪಾಗಿತ್ತೋ. ನಾನು ವಿಚಾರಿಸಲಿಲ್ಲ. ಎಲೆಯನ್ನು ನನ್ನ ಚೀಲಕ್ಕೆ ಹಾಕಿದಳು. ಮುಂದಿನ ಕಡೆ ವಾಲಗ ಶುರುವಾಯಿತು. ಅವ್ವ ಒಮ್ಮೆ ಆ ಕಡೆ ತಿರುಗಿ ನೋಡಿದಳು. ಅವಳಿಗೆ ಒಳಗೆ ಕೆಲಸವಿತ್ತು. ನಾನು ಬೇಗ ಹೊರಟರೆ ಒಳ್ಳೆಯದಿತ್ತು.

‘ಹೋಗಿ ಬಾ’ ಎಂದಳು.

ನನ್ನ ತಂಗಿಯ ಮದುವೆಯಲ್ಲಿ ಆ ಮನೆಯವರ ಬಾಯಿಂದ ನನಗೆ ಸಿಕ್ಕಿದ ‘ಬಾ’ ಅದೊಂದೇ. ಅದೂ ಹೋಗು ಎನ್ನುವುದರ ಹಿಂದೆ ಜೋತುಕೊಂಡು ಬಂದದ್ದು. ಅವ್ವನಿಗೆ ಅದು ಗೊತ್ತಾಗಲಿಲ್ಲ. ಯಾರನ್ನಾದರೂ ಕಳಿಸುವಾಗ ಎಲ್ಲರೂ ಹೇಳುವ ಮಾತನ್ನು ಅವಳೂ ಹೇಳಿದ್ದಳು, ಮತ್ತು ನಾನು ಎಲ್ಲರೂ ಅನ್ನುವ ಹಾಗೆ ಬರ್ತೀನಿ ಎನ್ನಬೇಕೆಂದು ಗೇಟಿಗೆ ಕೈಯಿಟ್ಟು ಕಾಯುತ್ತಿದ್ದಳು.

‘ಹೋಗ್ತೀನವ್ವ’ ಎಂದೆ.

ತವರಿನಿಂದ ಹೊರಡುವ ಹೆಣ್ಣು ಆಡಬಾರದ ಮಾತು ಅದು. ಅವ್ವ ‘ಬರ್ತೀನಿ ಅನ್ನು’ ಎಂದಳು. ನಾನು ಗೇಟು ಮುಂದಕ್ಕೆಳೆದುಕೊಂಡು ಕೇರಿಗೆ ಇಳಿದೆ. ‘ಬರ್ತೀನಿ ಅನ್ನವ್ವ’ ಎಂದು ಅವಳು ಇನ್ನೊಂದು ಸಲ ಹೇಳಿದ್ದು ವಾಲಗದ ನಡುವೆಯೂ ನನಗೆ ಸ್ಪಷ್ಟವಾಗಿ ಕೇಳಿಸಿತು.